ಪ್ರತಿ ಬೀಜವೂ ಒಂದು ರಸೀದಿ

“ಬಳ್ಳಿ ಹುಲುಸಾಗಿ ಹಬ್ಬಿದೆ, ಹೂವೂ ಬೇಕಾದಷ್ಟು ಬಿಡುತ್ತಿದೆ. ಆದರೆ ಕಾಯಿ ಮಾತ್ರ ನಿಲ್ಲುತ್ತಿಲ್ಲ.”

ಹಿತ್ತಲಿನಲ್ಲೋ ತಾರಸಿಯ ಮೇಲೋ ಸಿಹಿಗುಂಬಳ, ಹೀರೆ, ಸೋರೆ ಹಾಕಿದ ಮನೆಗಳಲ್ಲಿ ಈ ಮಾತು ಕೇಳದವರು ಯಾರು? ಹೆಬ್ಬೆರಳು ಗಾತ್ರದ ಹೀಚು ನಾಲ್ಕು ದಿನ ಆಸೆ ತೋರಿಸುತ್ತದೆ. ಆಮೇಲೆ ಹಳದಿಗೆ ತಿರುಗಿ ಒಂದು ಬೆಳಿಗ್ಗೆ ನೆಲದ ಮೇಲೆ ಬಿದ್ದಿರುತ್ತದೆ. ಗೊಬ್ಬರ ಸಾಲದು ಎನ್ನುತ್ತಾರೆ ಒಬ್ಬರು. ನೀರು ಹೆಚ್ಚಾಯಿತು ಎನ್ನುತ್ತಾರೆ ಇನ್ನೊಬ್ಬರು. ಯಾರದೋ ಕಣ್ಣು ಬಿತ್ತು ಎಂದು ಚಪ್ಪರಕ್ಕೆ ಹಳೆಯ ಚಪ್ಪಲಿ ಕಟ್ಟುವವರೂ ಇದ್ದಾರೆ.

ಎಷ್ಟೋ ಸಲ ಕಾರಣ ಇವು ಯಾವುವೂ ಅಲ್ಲ. ಆ ಹೂವಿಗೆ ಬರಬೇಕಾದ ಅತಿಥಿ ಬಂದಿರುವುದಿಲ್ಲ, ಅಷ್ಟೆ.

ಈ ಅತಿಥಿಯ ವಿಷಯ ಮಕ್ಕಳ ಪಾಠಪುಸ್ತಕದಲ್ಲಿ ಇದೆ. ‘ಪರಾಗಸ್ಪರ್ಶ’ ಎಂಬ ಪಾಠ, ಹೂವಿನ ಚಿತ್ರ, ಬಾಣದ ಗುರುತು ಎಲ್ಲವೂ ಇವೆ. ಮಕ್ಕಳು ಬಾಯಿಪಾಠ ಮಾಡಿ ಅಂಕವನ್ನೂ ತೆಗೆಯುತ್ತಾರೆ. ಆದರೆ ನಿಜವಾದ ಹೂವಿನ ಮೇಲೆ ನಿಜವಾದ ಜೇನುನೊಣ ಕಂಡರೆ ಕಿರುಚಿಕೊಂಡು ಓಡುತ್ತಾರೆ. ಇದು ಸರಿಹೋಗಲು ಒಂದು ಕುಂಬಳದ ಬಳ್ಳಿ, ಒಂದು ನೋಟುಬುಕ್ಕು, ಮನೆಯಲ್ಲಿ ಪುರುಸೊತ್ತು ಇರುವ ಒಬ್ಬ ಅಜ್ಜ ಅಥವಾ ಅಜ್ಜಿ ಸಾಕು.

ನಾನು ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ಸಸ್ಯಶಾಸ್ತ್ರ ಓದಿದವನಲ್ಲ, ನನಗೆ ಗೊತ್ತಿರುವುದು ಜಮಾ-ಖರ್ಚು. ಶಿವಮೊಗ್ಗದ ನಮ್ಮ ಮನೆಯ ಹಿತ್ತಲಿನಲ್ಲಿ 6ನೇ ತರಗತಿಯ ಮೊಮ್ಮಗ ಮತ್ತು 2ನೇ ತರಗತಿಯ ಮೊಮ್ಮಗಳ ಜೊತೆ ಸೇರಿ ಮಾಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಯಾರ ಮನೆಯಲ್ಲಾದರೂ ಮಾಡಬಹುದು. ದೊಡ್ಡ ಕುಂಡ ಅಥವಾ ಗೋಣಿಚೀಲದ ಮಣ್ಣಿದ್ದರೂ ಬಳ್ಳಿ ಹಬ್ಬುತ್ತದೆ.

ಗಂಡು ಹೂ, ಹೆಣ್ಣು ಹೂ

ಮಕ್ಕಳೇ, ದಾಸವಾಳದಲ್ಲಿ ಒಂದೇ ಹೂವಿನೊಳಗೆ ಗಂಡು ಭಾಗ, ಹೆಣ್ಣು ಭಾಗ ಎರಡೂ ಇರುತ್ತವೆ. ಕುಂಬಳದ ಸಂಸಾರ ಬೇರೆ. ಒಂದೇ ಬಳ್ಳಿಯಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಗುರುತಿಸುವುದು ಬಹಳ ಸುಲಭ. ಗಂಡು ಹೂವಿಗೆ ಉದ್ದನೆಯ ತೆಳ್ಳಗಿನ ತೊಟ್ಟು. ನಡುವೆ ಹಳದಿ ಪುಡಿ ಮೆತ್ತಿದ ಒಂದೇ ಒಂದು ಕಡ್ಡಿ. ಹೆಣ್ಣು ಹೂವಿನ ತೊಟ್ಟು ಗಿಡ್ಡ. ಹೂವಿನ ಕೆಳಗೆ ಆಗಲೇ ಗೋಲಿಯಷ್ಟು ಪುಟ್ಟ ಕುಂಬಳಕಾಯಿ ಕುಳಿತಿರುತ್ತದೆ.

ಬಳ್ಳಿಯಲ್ಲಿ ಮೊದಲು ಬರುವುದು ಬರೀ ಗಂಡು ಹೂ. ಅವೆಲ್ಲ ಅರಳಿ ಉದುರುತ್ತವೆ. ಅದನ್ನು ಕಂಡು ಅಜ್ಜಿಯರು ನಿರಾಶರಾಗಬೇಕಿಲ್ಲ. ಸ್ವಲ್ಪ ದಿನ ಕಾದರೆ ಹೆಣ್ಣು ಹೂಗಳೂ ಬರುತ್ತವೆ.

ಹೂ ಅರಳುವುದು ನಸುಕಿನಲ್ಲಿ. ಬಿಸಿಲೇರುತ್ತಿದ್ದಂತೆ ಬಾಡಿ ಮುಚ್ಚಿಕೊಳ್ಳುತ್ತದೆ. ಮತ್ತೆ ಎಂದೂ ತೆರೆಯುವುದಿಲ್ಲ. ಆ ಹೂವಿನ ಬಾಗಿಲು ತೆರೆದಿರುವುದು ಒಂದು ಬೆಳಿಗ್ಗೆ, ಕೆಲವೇ ಗಂಟೆ. ಬ್ಯಾಂಕಿನ ಕೌಂಟರಿಗಿಂತ ಕಟ್ಟುನಿಟ್ಟು! ಗಂಡು ಹೂವಿನ ಹಳದಿ ಪುಡಿ, ಅಂದರೆ ಪರಾಗ, ಆ ಅವಧಿಯೊಳಗೆ ಹೆಣ್ಣು ಹೂವಿಗೆ ಸೇರಬೇಕು. ಗಾಳಿ ಈ ಕೆಲಸ ಮಾಡಲಾರದು, ಏಕೆಂದರೆ ಕುಂಬಳದ ಪರಾಗ ಭಾರ ಮತ್ತು ಅಂಟು. ಬೆರಳಿನಿಂದ ಮುಟ್ಟಿ ನೋಡಿ, ಅರಿಶಿನದಂತೆ ಮೆತ್ತಿಕೊಳ್ಳುತ್ತದೆ. ಯಾರಾದರೂ ಮೈಗೆ ಮೆತ್ತಿಕೊಂಡು ಹೊತ್ತೇ ತರಬೇಕು.

ಮೂರು ಹೂ, ಮೂರು ದಾರ

ನಮ್ಮ ಪ್ರಯೋಗ ಇಷ್ಟು. ನಾಳೆ ಅರಳುವ ಹೆಣ್ಣು ಮೊಗ್ಗುಗಳನ್ನು ಇಂದು ಸಂಜೆಯೇ ಗುರುತಿಸಬೇಕು. ಮೊಗ್ಗಿನ ತುದಿ ಹಸಿರು ಬಿಟ್ಟು ಹಳದಿಯಾಗಿದ್ದರೆ ಅದು ನಾಳೆಯ ಹೂ. ಅಂಥ ಮೂರು ಮೊಗ್ಗುಗಳಿಗೆ ಮೂರು ಬಣ್ಣದ ದಾರ ಸಡಿಲವಾಗಿ ಕಟ್ಟಬೇಕು. ಒಂದೇ ದಿನ ಮೂರು ಸಿಗದಿದ್ದರೆ ಬೇರೆ ಬೇರೆ ದಿನ ಮಾಡಿದರೂ ಆಗುತ್ತದೆ.

ಕೆಂಪು ದಾರದ ಹೂವಿಗೆ ಹಳೆಯ ಪಂಚೆಯ ತೆಳು ಬಟ್ಟೆಯ ಚೀಲ ತೊಡಿಸಿ ಬಾಯಿ ಕಟ್ಟಿ. ಅದು ಅರಳಿ ಬಾಡುವವರೆಗೂ ಬಿಚ್ಚಬೇಡಿ. ಹುಳವೊಂದೂ ಒಳಗೆ ಹೋಗಬಾರದು.

ಹಳದಿ ದಾರದ ಹೂವಿಗೂ ಚೀಲ ಕಟ್ಟಿ. ಬೆಳಿಗ್ಗೆ ಅದನ್ನು ಬಿಚ್ಚಿ, ಆಗಷ್ಟೇ ಅರಳಿದ ಗಂಡು ಹೂವೊಂದನ್ನು ಕಿತ್ತು, ಅದರ ಎಸಳು ತೆಗೆದು, ಉಳಿದ ಹಳದಿ ಕಡ್ಡಿಯನ್ನು ಹೆಣ್ಣು ಹೂವಿನ ನಡುವಿನ ಅಂಟಂಟು ಗುಬ್ಬಿಗಳ ಮೇಲೆ ಎಲ್ಲ ಕಡೆ ಮೆಲ್ಲಗೆ ಸವರಬೇಕು. ಮತ್ತೆ ಚೀಲ ಕಟ್ಟಬೇಕು. ಈ ಕೆಲಸ ಮಗುವಿನ ಕೈಯಿಂದಲೇ ಆಗಬೇಕು. ಅಜ್ಜ ಬರೀ ಬಳ್ಳಿ ಹಿಡಿದುಕೊಳ್ಳಬೇಕು, ಬಾಯಿಯನ್ನೂ ಸ್ವಲ್ಪ ಹಿಡಿದುಕೊಳ್ಳಬೇಕು.

ಹಸಿರು ದಾರದ ಹೂವನ್ನು ಅದರ ಪಾಡಿಗೆ ಬಿಡಿ. ಅದು ಜೇನಿನ ಪಾಲು.

ನಮ್ಮಲ್ಲಿ ಆದದ್ದು ಹೀಗೆ. ಕೆಂಪು ದಾರದ ಹೀಚು 4ನೇ ದಿನ ಹಳದಿಯಾಗಿ 6ನೇ ದಿನ ಬಿತ್ತು. ಹಳದಿ ಮತ್ತು ಹಸಿರು ದಾರದವು ವಾರದೊಳಗೆ ನಿಂಬೆಹಣ್ಣಿನ ಗಾತ್ರ ದಾಟಿದವು. ಮೊಮ್ಮಗ ಕೂಡಲೇ “ಹಾಗಾದ್ರೆ ಪ್ರೂವ್ ಆಯ್ತು” ಎಂದ. ಒಂದೇ ನಮೂದು ನೋಡಿ ಖಾತೆ ಮುಗಿಸಬಾರದು ಎಂದೆ. ಹೂವಿನೊಳಗೆ ಮಳೆನೀರು ನಿಂತರೂ ಕಾಯಿ ಬೀಳಬಹುದು. ಬಳ್ಳಿಗೆ ಹೊರಲಾರದಷ್ಟು ಕಾಯಿಯಾದರೆ ತಾನೇ ಕೆಲವನ್ನು ಉದುರಿಸುತ್ತದೆ. ಹಾಗಾಗಿ ಇನ್ನೂ ಎರಡು ಸಲ ಮಾಡಿದೆವು. ಚೀಲ ಬಿಚ್ಚದ ಒಂದು ಹೂವೂ ಕಾಯಿ ಕಟ್ಟಲಿಲ್ಲ.

ಹನ್ನೆರಡು ವರ್ಷದ ಹುಡುಗನ ಹೆಬ್ಬೆರಳು

ಕೈಯಿಂದ ಪರಾಗ ಮುಟ್ಟಿಸುವುದು ಮಕ್ಕಳಾಟವಲ್ಲವೇ ಎಂದು ದೊಡ್ಡವರು ಕೇಳಬಹುದು. ಐಸ್‌ಕ್ರೀಮಿಗೆ ಹಾಕುವ ವೆನಿಲಾದ ಕಥೆಯನ್ನು ಅವರಿಗೆ ಹೇಳಿ.

ವೆನಿಲಾ ಬಳ್ಳಿಯ ತವರು ಮೆಕ್ಸಿಕೋ ಕಡೆ. ಅಲ್ಲಿ ಅದಕ್ಕೆ ಅಲ್ಲಿನದೇ ಜೇನುನೊಣಗಳಿದ್ದವು. ಯುರೋಪಿನವರು ಆ ಬಳ್ಳಿಯನ್ನು ದೂರದ ದ್ವೀಪಗಳಿಗೆ ಒಯ್ದು ನೆಟ್ಟಾಗ ಬಳ್ಳಿ ಬೆಳೆಯಿತು, ಹೂವೂ ಬಿಟ್ಟಿತು, ಕಾಯಿ ಮಾತ್ರ ಕಟ್ಟಲಿಲ್ಲ. 1841ರಲ್ಲಿ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ಎಡ್ಮಂಡ್ ಎಂಬ 12 ವರ್ಷದ ಹುಡುಗ ದಾರಿ ಕಂಡುಹಿಡಿದ. ಅವನು ಗುಲಾಮನಾಗಿ ಹುಟ್ಟಿದವನು. ವೆನಿಲಾ ಹೂವಿನ ಗಂಡು ಭಾಗಕ್ಕೂ ಹೆಣ್ಣು ಭಾಗಕ್ಕೂ ನಡುವೆ ಒಂದು ತೆಳು ಪರದೆ ಇರುತ್ತದೆ. ಅವನು ಸಣ್ಣ ಕಡ್ಡಿಯಿಂದ ಆ ಪರದೆಯನ್ನು ಎತ್ತಿ, ಹೆಬ್ಬೆರಳಿನಿಂದ ಎರಡನ್ನೂ ಒತ್ತಿದ. ಕಾಯಿ ಕಟ್ಟಿತು.

1848ರಲ್ಲಿ ಅಲ್ಲಿ ಗುಲಾಮಗಿರಿ ರದ್ದಾಗಿ ಎಡ್ಮಂಡ್ ಆಲ್ಬಿಯಸ್ ಸ್ವತಂತ್ರನಾದ. ಅವನ ವಿದ್ಯೆಯಿಂದ ಎಷ್ಟೋ ಜನ ಹಣ ಮಾಡಿದರು. ಅವನು ಮಾತ್ರ 1880ರಲ್ಲಿ ಬಡವನಾಗಿಯೇ ತೀರಿಕೊಂಡ. ಆದರೆ ಅವನ ಉಪಾಯ ಇಂದಿಗೂ ಬಳಕೆಯಲ್ಲಿದೆ. 2000ದ ಆಸುಪಾಸಿನಲ್ಲಿ ವೆನಿಲಾಕ್ಕೆ ಭಾರಿ ಬೆಲೆ ಬಂದಾಗ ನಮ್ಮ ಮಲೆನಾಡು, ಕರಾವಳಿಯ ತೋಟಗಳಲ್ಲಿ ಬೆಳಗಿನ ಹೊತ್ತು ಹೆಂಗಸರು, ಗಂಡಸರು ಕಡ್ಡಿ ಹಿಡಿದು ಹೂವಿನಿಂದ ಹೂವಿಗೆ ಹೋಗುತ್ತಿದ್ದರಲ್ಲ, ಅದು ಆ ಹುಡುಗ ಕಲಿಸಿದ್ದೇ.

ಈ ಕಥೆ ಕೇಳಿದ ಮೊಮ್ಮಗ ಸ್ವಲ್ಪ ಹೊತ್ತು ತನ್ನ ಹೆಬ್ಬೆರಳನ್ನೇ ನೋಡಿಕೊಂಡ. “ಒಂದೊಂದು ಹೂವಿಗೂ ಹೀಗೆ ಮಾಡ್ಬೇಕಂದ್ರೆ ಎಷ್ಟು ಸಂಬಳ ಕೊಡ್ಬೇಕು ಅಜ್ಜ?” ಎಂದ. ಹಸಿರು ದಾರದ ಹೂವಿಗೆ ಈ ಕೆಲಸ ಮಾಡಿದವರು ಸಂಬಳ ಕೇಳಿರಲಿಲ್ಲ.

ಹೆದರುವ ಮಗುವಿಗೆ ಮುಜಂಟಿ

ಮೊಮ್ಮಗಳದು ಬೇರೆ ಕಥೆ. ಅವಳಿಗೆ ಹಿಂದಿನ ವರ್ಷ ಕಣ್ಣಿನ ರೆಪ್ಪೆಗೆ ಜೇನು ಕಚ್ಚಿ ಎರಡು ದಿನ ಮುಖ ಊದಿಕೊಂಡಿತ್ತು. ಆಮೇಲೆ ಹಿತ್ತಲ ಬಾಗಿಲ ಹೊಸ್ತಿಲು ದಾಟುತ್ತಿರಲಿಲ್ಲ. ಹೂವಿಗೆ ಚೀಲ ಕಟ್ಟುವುದನ್ನೂ ಬಾಗಿಲ ಸಂದಿಯಿಂದಲೇ ನೋಡಿದ್ದಳು. ‘ಏನೂ ಆಗಲ್ಲ ಬಾ’ ಎಂದು ಇಂಥ ಮಗುವನ್ನು ಎಳೆದೊಯ್ಯಬಾರದು. ಆಗಲೇ ಆಗಿದೆಯಲ್ಲ!

ಅವಳಿಗೆ ನಮ್ಮ ಗೋಡೆಯ ಮುಜಂಟಿ ಜೇನನ್ನು ತೋರಿಸಿದೆವು. ಕೆಲವು ಕಡೆ ಇದಕ್ಕೆ ಮಿಸ್ರಿ ಜೇನು ಎನ್ನುತ್ತಾರೆ. ಇರುವೆಯಷ್ಟೇ ದೊಡ್ಡ ಕಪ್ಪು ನೊಣ. ಹಳೆಯ ಗೋಡೆಯ ಬಿರುಕು, ಮರದ ಪೊಟರೆಗಳಲ್ಲಿ ಗೂಡು ಕಟ್ಟಿ, ಬಾಗಿಲಿಗೆ ಮೇಣದ ಪುಟ್ಟ ಕೊಳವೆ ಇಡುತ್ತದೆ. ಇದಕ್ಕೆ ಚುಚ್ಚುವ ಮುಳ್ಳೇ ಇಲ್ಲ. ಆ ಕೊಳವೆಯ ಪಕ್ಕ ಮೋಢೆ ಹಾಕಿಕೊಂಡು ಕುಳಿತರೆ ಕಾಲಿಗೆ ಹಳದಿ ಮೂಟೆ ಕಟ್ಟಿಕೊಂಡು ಮನೆಗೆ ಬರುವವು, ಖಾಲಿ ಕಾಲಿನಲ್ಲಿ ಹೊರಡುವವು ಎಲ್ಲ ಕಾಣುತ್ತವೆ. ನಾಲ್ಕನೆಯ ದಿನ ಅವಳೇ ಮೋಢೆ ಎತ್ತಿಕೊಂಡು ಹೋದಳು. ಎರಡು ವಾರದ ನಂತರ ಕುಂಬಳದ ಹೂವಿನಿಂದ ಎರಡು ಮಾರು ದೂರ ನಿಂತು ತುಡುವೆ ಜೇನನ್ನು ನೋಡಿದಳು. ಆಮೇಲೆ ಒಂದು ಮಾರು.

ಮಕ್ಕಳಿಗೆ ನಾವು ಹಾಕಿದ ನಿಯಮಗಳು ಇವು. ಕೈ ಬೀಸಬಾರದು, ಊದಬಾರದು. ಹೂವಿನಲ್ಲಿ ಜೇನು ಇದ್ದರೆ ಅದು ಹೊರಡುವವರೆಗೆ ಹೂ ಮುಟ್ಟಬಾರದು. ತುಡುವೆಯ ಗೂಡು ಕಂಡರೆ ಅದರ ಬಾಗಿಲಿಗೆ ಎದುರಾಗಿ ನಿಲ್ಲಬಾರದು. ಹೆಜ್ಜೇನಿನ ಗೂಡಿನ ಹತ್ತಿರ ಹೋಗಲೇಬಾರದು. ಕಲ್ಲು ಹೊಡೆಯುವ ಮಾತಂತೂ ಇಲ್ಲ. ಜೇನು ಚುಚ್ಚಿದರೆ ಮುಳ್ಳನ್ನು ಉಗುರಿನಿಂದ ಕೂಡಲೇ ಕೆರೆದು ತೆಗೆದು ತಣ್ಣೀರು ಹಾಕಬೇಕು. ಉಸಿರಾಟಕ್ಕೆ ಕಷ್ಟವಾದರೆ, ಮೈಯೆಲ್ಲ ದದ್ದು ಎದ್ದರೆ, ತಲೆ ಸುತ್ತಿದರೆ ಮನೆಮದ್ದು ಮಾಡುತ್ತ ಕೂರದೆ ಆಸ್ಪತ್ರೆಗೆ ಒಯ್ಯಬೇಕು.

ನೋಟುಬುಕ್ಕಿನ ಭಾನುವಾರ

ಭಯ ಕಡಿಮೆಯಾಗಲು ಇನ್ನೊಂದು ದಾರಿ ಎಣಿಕೆ. ಎಣಿಸುವ ಮಗುವಿಗೆ ಹೆದರಲು ಪುರುಸೊತ್ತು ಇರುವುದಿಲ್ಲ. ಬೆಳಿಗ್ಗೆ 7ರಿಂದ 7.15ರವರೆಗೆ ಬಳ್ಳಿಯ ಮುಂದೆ ಕುಳಿತು ಹೂವಿಗೆ ಎಷ್ಟು ಸಲ ಜೇನು ಬಂತು ಎಂದು ಬರೆಯುವುದು ಮಕ್ಕಳ ಕೆಲಸವಾಯಿತು. ತಾರೀಖು, ಎಷ್ಟು ಹೂ, ಎಷ್ಟು ಜೇನು, ಬಿಸಿಲೋ ಮೋಡವೋ ಎಂದು ನಾಲ್ಕು ಕಲಂ ಗೆರೆ ಎಳೆದುಕೊಟ್ಟೆ. ಶಾಲೆಯ ಬಸ್ಸು ಬರುವುದು 8ಕ್ಕೆ, ಸಮಯ ಸರಿಯಾಗಿತ್ತು.

ಎಣಿಕೆ ದಿನವೂ ಸ್ವಲ್ಪ ಹೆಚ್ಚು ಕಡಿಮೆ ಇರುತ್ತಿತ್ತು: 11, 9, 13, 10. ಒಂದು ಭಾನುವಾರ ಬಿಸಿಲಿದ್ದರೂ 1 ಬಂತು. ಸೋಮವಾರ 3. ಮುಂದಿನ ಭಾನುವಾರ ಸೊನ್ನೆ. ನೋಟುಬುಕ್ಕಿನ ಮೇಲೆ ಬೆರಳು ಓಡಿಸುತ್ತಿದ್ದ ಮೊಮ್ಮಗ, “ಭಾನುವಾರ ಬೆಳಿಗ್ಗೆ ಪಕ್ಕದ ಮನೆ ಅಂಕಲ್ ಗುಲಾಬಿಗೆ ಔಷಧ ಹೊಡೀತಾರಲ್ವಾ?” ಎಂದ. ಹೌದು, ಪಂಪಿನ ಸದ್ದು ಕೇಳುತ್ತಿತ್ತು, ವಾಸನೆಯೂ ಬರುತ್ತಿತ್ತು. ಅವರ ಗುಲಾಬಿ ಸಾಲಿಗೂ ನಮ್ಮ ಬಳ್ಳಿಗೂ ನಡುವೆ ಇರುವುದು ಒಂದು ಕಾಂಪೌಂಡ್ ಗೋಡೆ.

ಅವರು ಒಳ್ಳೆಯವರು. ಅವರ ಗುಲಾಬಿಗೂ ಹುಳದ ಕಾಟ ಇದ್ದದ್ದು ನಿಜ. ನಾನು ಹೋಗಿ ಹೇಳಿದರೆ ಮಾತಿಗೆ ಮಾತು ಬೆಳೆಯಬಹುದಿತ್ತು. ಮಕ್ಕಳೇ ನೋಟುಬುಕ್ಕು ಹಿಡಿದು ಹೋದರು. ಮಾತಾಡಿದ್ದು ಮೊಮ್ಮಗಳಂತೆ: “ಅಂಕಲ್, ಔಷಧ ಸಂಜೆ ಹೊಡೀತೀರಾ? ಬೆಳಿಗ್ಗೆ ಜೇನು ತಿಂಡಿಗೆ ಬಂದಿರ್ತಾವೆ.” ಅವರು ನೋಟುಬುಕ್ಕಿನ ಪುಟಗಳನ್ನು ತಿರುವಿ ನೋಡಿದರಂತೆ, ಏನೂ ಹೇಳಲಿಲ್ಲವಂತೆ. ಮುಂದಿನ ಭಾನುವಾರ ಬೆಳಿಗ್ಗೆ ಪಂಪಿನ ಸದ್ದು ಬರಲಿಲ್ಲ. ಅಂದಿನ ಎಣಿಕೆ 7. ಅದರ ಮುಂದಿನ ಭಾನುವಾರ 10.

ಅವರು ಔಷಧ ಪೂರ್ತಿ ನಿಲ್ಲಿಸಿಲ್ಲ. ಕತ್ತಲಾಗುವ ಹೊತ್ತಿಗೆ, ಅರಳಿದ ಹೂ ಬಿಟ್ಟು ಎಲೆಗೆ ಮಾತ್ರ ಹೊಡೆಯುತ್ತಾರೆ. ಜೇನು ಗೂಡು ಸೇರಿದ ಮೇಲೆ ಹೊಡೆದರೆ ಅಪಾಯ ಇಲ್ಲವೇ ಇಲ್ಲ ಎಂದಲ್ಲ, ಕಡಿಮೆ. ಆದರೆ ಕಳೆದ ವರ್ಷ ಹೊಸ್ತಿಲು ದಾಟದ ಮಗು ಜೇನಿನ ಪರವಾಗಿ ಪಕ್ಕದ ಮನೆಯ ಗೇಟು ತೆಗೆದಿತ್ತು. ಪಾಠಪುಸ್ತಕದ ಬಾಣದ ಗುರುತು ಈ ಕೆಲಸ ಮಾಡಲಾರದು.

ಇಲ್ಲಿ ಅಜ್ಜ ಅಜ್ಜಿಯರ ನೆನಪಿಗೂ ಬೆಲೆ ಇದೆ. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಬಂದು ದಕ್ಷಿಣ ಭಾರತದಲ್ಲಿ ತುಡುವೆ ಜೇನಿನ ಮರಿಗಳು ಗೂಡಿನಲ್ಲೇ ಸತ್ತು, ಪೆಟ್ಟಿಗೆ ಪೆಟ್ಟಿಗೆಗಳೇ ಖಾಲಿಯಾಗಿದ್ದವು. ಮಲೆನಾಡಿನ ಹಿರಿಯರಿಗೆ ಇದು ನೆನಪಿರಬಹುದು. ಮಕ್ಕಳಿಗೆ ಹೇಳಿ. ಇಂದು ಹೂವಿನ ಮೇಲೆ ಕೂರುವ ತುಡುವೆ ಆ ಕಷ್ಟ ದಾಟಿ ಉಳಿದ ವಂಶದ್ದು.

ಇನ್ನೂ ಮೂರು ಸಣ್ಣ ಕೆಲಸ

ಬದನೆ ಹೂ: ಅರಳಿದ ಹೂವಿನ ಕೆಳಗೆ ಕಪ್ಪು ಕಾಗದ ಹಿಡಿದು ಹೂವಿಗೆ ಬೆರಳಿನಿಂದ ಟಿಂಗ್ ಎಂದು ಹೊಡೆಯಿರಿ. ಪುಡಿ ಉದುರುತ್ತದೆಯೇ ನೋಡಿ. ಬದನೆಯ ಪರಾಗ ಹಳದಿ ಕೊಳವೆಗಳೊಳಗೆ ಇದ್ದು, ತುದಿಯ ಸಣ್ಣ ರಂಧ್ರದಿಂದ ಹೊರಬರಬೇಕು. ದಪ್ಪನೆಯ ಕಪ್ಪು ದುಂಬಿ ಹೂವನ್ನು ಅಪ್ಪಿ ಹಿಡಿದು ‘ಝೂಂ’ ಎಂದು ಮೈ ನಡುಗಿಸಿದಾಗ ಅದು ಉಪ್ಪಿನ ಡಬ್ಬಿಯಿಂದ ಉಪ್ಪು ಬಿದ್ದಂತೆ ಬೀಳುತ್ತದೆ. ಜೇನುನೊಣಕ್ಕೆ ಈ ವಿದ್ಯೆ ಬಾರದು.

ಸೋರೆ ಹೂ: ಇದು ಬಿಳಿ, ಅರಳುವುದು ಸಂಜೆ. ಊಟಕ್ಕೆ ಮೊದಲು ಟಾರ್ಚಿನ ಬೆಳಕನ್ನು ನೇರವಾಗಿ ಬಿಡದೆ ಪಕ್ಕಕ್ಕೆ ಹಿಡಿದು ಕಾಯಿರಿ. ಕತ್ತಲಲ್ಲಿ ಕಾಣುವ ಬಿಳಿ ಬಣ್ಣಕ್ಕೆ ಉದ್ದ ಸೊಂಡಿಲಿನ ಪತಂಗಗಳು ಬರುತ್ತವೆ. ಹಗಲಿನ ಅಂಗಡಿ ಮುಚ್ಚಿದ ಮೇಲೆ ರಾತ್ರಿಯ ಅಂಗಡಿ!

ಅತ್ತಿ ಹಣ್ಣು: ಅತ್ತಿಯ ಹೂ ಕಂಡವರಿಲ್ಲ ಎನ್ನುವ ಮಾತಿದೆ. ಅತ್ತಿ ಹಣ್ಣು ಬಿಚ್ಚಿದರೆ ಬರೀ ಹುಳ ಎಂದೂ ಆಡಿಕೊಳ್ಳುತ್ತೇವೆ. ಎರಡಕ್ಕೂ ಉತ್ತರ ಒಂದೇ ಕಡೆ ಇದೆ. ಅತ್ತಿಯ ನೂರಾರು ಹೂಗಳು ಆ ಕಾಯಿಯ ಒಳಗೇ ಇರುತ್ತವೆ. ಚುಕ್ಕಿಯಷ್ಟು ಪುಟ್ಟ ಕಣಜವೊಂದು ಎಳೆಗಾಯಿಯ ತುದಿಯ ಕಣ್ಣಿನಿಂದ ಒಳಗೆ ನುಸುಳಿ ಪರಾಗ ತಲುಪಿಸುತ್ತದೆ, ಅಲ್ಲೇ ಮೊಟ್ಟೆಯಿಡುತ್ತದೆ. ನಾವು ಹುಳ ಎಂದು ಮುಖ ಸಿಂಡರಿಸುವುದು ಅದರ ಮಕ್ಕಳನ್ನು. ಅವು ಇಲ್ಲದಿದ್ದರೆ ಅತ್ತಿಯ ಬೀಜವೇ ಇಲ್ಲ.

ಬೀಜ ಎಣಿಸುವ ದಿನ

ನಮ್ಮ ಹಸಿರು ದಾರದ ಕುಂಬಳ ಬಲಿತು, ತೊಟ್ಟು ಒಣಗಿದ ಮೇಲೆ ಕೊಯ್ದೆವು. ಮನೆಯಾಕೆ ಹೆಚ್ಚಲು ಕುಳಿತಾಗ ತಿರುಳನ್ನು ತಟ್ಟೆಗೆ ಹಾಕಿ ಮಕ್ಕಳ ಮುಂದೆ ಇಟ್ಟೆ. ಬೀಜ ತೊಳೆದು, ಹತ್ತು ಹತ್ತರ ಗುಂಪು ಮಾಡಿ ಎಣಿಸಿದರು. ಗಟ್ಟಿ ಬೀಜ 312, ಜಳ್ಳು 41.

ಆಗ ಹೇಳಬೇಕಾದ ಮಾತು ಇದು. ಹೂವಿನ ತಳದಲ್ಲಿ ಬೀಜವಾಗಲು ಕಾದಿರುವ ನೂರಾರು ಪುಟ್ಟ ಕಣಗಳಿರುತ್ತವೆ. ಒಂದು ಕಣ ಬೀಜವಾಗಬೇಕಾದರೆ ಅದಕ್ಕೆಂದೇ ಒಂದು ಪರಾಗದ ಹುಡಿ ಬಂದು ಸೇರಬೇಕು. ಅಂದರೆ ತಟ್ಟೆಯಲ್ಲಿರುವ ಒಂದೊಂದು ಗಟ್ಟಿ ಬೀಜವೂ ಒಂದೊಂದು ರಸೀದಿ. ಆ ಒಂದು ಬೆಳಿಗ್ಗೆ, ಬಾಗಿಲು ಮುಚ್ಚುವ ಮೊದಲು, 312 ಹುಡಿಗಳು ಕೆಲಸ ಮುಗಿಸಿವೆ ಎಂಬುದಕ್ಕೆ ಸಾಕ್ಷಿ. ಒಂದೆರಡು ಭೇಟಿಯಲ್ಲಿ ಮುಗಿಯುವ ಕೆಲಸವಲ್ಲ ಅದು; ಮತ್ತೆ ಮತ್ತೆ ಬಂದಿರಬೇಕು. ಸೌತೆಕಾಯಿ ಒಂದು ಕಡೆ ಸೊರಗಿ ಸೊಟ್ಟಗಿದ್ದರೆ ಆ ಬದಿಯಲ್ಲಿ ಬೀಜ ಎಷ್ಟಿದೆ ನೋಡಿ. ಎಷ್ಟೋ ಸಲ ಪರಾಗ ಎಲ್ಲ ಕಡೆ ಸಮನಾಗಿ ಬೀಳದೆ ಹಾಗಾಗಿರುತ್ತದೆ.

ಹಳದಿ ದಾರದ ಕಾಯಿಯಲ್ಲಿ, ಅಂದರೆ ಮೊಮ್ಮಗನ ಕೈಕೆಲಸದಲ್ಲಿ, 268 ಗಟ್ಟಿ ಬೀಜ ಇದ್ದವು. “ಜೇನು ಗೆದ್ದಿತು” ಎಂದಳು ತಂಗಿ. ಅಣ್ಣ ಒಪ್ಪಲಿಲ್ಲ, ಒಂದೇ ನಮೂದು ನೋಡಿ ಖಾತೆ ಮುಗಿಸಬಾರದು ಎಂದ.

ಬೀಜ ಸ್ವಲ್ಪ ಹುರಿದು ತಿಂದೆವು. 50 ಬೀಜಗಳನ್ನು ನೆರಳಲ್ಲಿ ಒಣಗಿಸಿ ಹತ್ತರಂತೆ ಐದು ಕಾಗದದ ಪೊಟ್ಟಣ ಕಟ್ಟಿದರು. ಒಂದು ನಮಗೆ, ಮೂರು ಶಾಲೆಯ ಗೆಳೆಯರಿಗೆ. ಐದನೆಯದರ ಮೇಲೆ ಮೊಮ್ಮಗಳು ತನ್ನ ದುಂಡು ಅಕ್ಷರದಲ್ಲಿ ‘ಪಕ್ಕದ ಮನೆ ಅಂಕಲ್‌ಗೆ’ ಎಂದು ಬರೆದು, ಕೆಳಗೆ ಹಳದಿ ಪೆನ್ಸಿಲಿನಿಂದ ಒಂದು ಜೇನು ಬಿಡಿಸಿದಳು.